ಬೆನ್ನು ಲಂಡನ್ನಿಗೆ, ಹೊಟ್ಟೆ ಷಿಕಾಗೋಗೆ

ಮಕ್ಕಳು, ಅಳಿಯಂದಿರು ಹೊರದೇಶದಲ್ಲಿ ನೆಲೆಸಿರುವ ಓದುಗರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಊಟದ ಪ್ರಶ್ನೆಗಳೇ ಹೆಚ್ಚು. ಅವುಗಳಲ್ಲಿ ಒಂದು ಬೇರೆ ಬೇರೆ ವೇಷದಲ್ಲಿ ಮರಳಿ ಮರಳಿ ಬರುತ್ತದೆ. ಮಗಳು ಲಂಡನ್ನಿನಲ್ಲಿ, ಮಗ ಷಿಕಾಗೋದಲ್ಲಿ. ಇಬ್ಬರೂ ಭಾನುವಾರದ ಬೆಳಗಿನ ತಿಂಡಿಗೆ ಬೇಕನ್ ತಿನ್ನುತ್ತಾರೆ. ಆದರೆ ವಿಡಿಯೊ ಕರೆಯಲ್ಲಿ ತೋರಿಸಿದ ಎರಡು ತಟ್ಟೆಗಳಿಗೂ ಸಂಬಂಧವೇ ಇಲ್ಲ. ಒಂದರಲ್ಲಿ ಅಂಗೈ ಅಗಲದ, ಮೆತ್ತಗಿನ, ತಿಳಿಗೆಂಪು ಮಾಂಸದ ಹೋಳು. ಇನ್ನೊಂದರಲ್ಲಿ ಮುಟ್ಟಿದರೆ ಮುರಿಯುವ, ಕಡುಕಂದು ಬಣ್ಣದ ಸಪೂರ ಪಟ್ಟಿ. ಅಮೆರಿಕದವರು ಕೊಬ್ಬು ಸುಟ್ಟುಕೊಂಡು ತಿನ್ನುತ್ತಾರೆ ಎಂದು ಮಗಳು ಹೇಳುತ್ತಾಳೆ. ಇಂಗ್ಲಿಷರಿಗೆ ಬೇಯಿಸುವುದೇ ಗೊತ್ತಿಲ್ಲ ಎಂದು ಮಗ ಹೇಳುತ್ತಾನೆ. ಯಾವುದು ನಿಜವಾದ ಬೇಕನ್ ಎಂಬುದು ಅಪ್ಪ ಅಮ್ಮನ ಪ್ರಶ್ನೆ.

ಎರಡೂ ನಿಜವೇ. ಆದರೆ ಉತ್ತರವನ್ನು ಅಷ್ಟಕ್ಕೇ ಮುಗಿಸಲು ನನಗೆ ಮನಸ್ಸಿಲ್ಲ. ಒಂದು ದೇಶದ ಜನ ಇನ್ನೊಂದು ದೇಶದ ತಟ್ಟೆ ನೋಡಿ ಅಲ್ಲಿನವರ ಸ್ವಭಾವವನ್ನೇ ಅಳೆಯುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ, ನನ್ನ ಮೇಲೂ ಆ ಅಳತೆ ಬಿದ್ದಿದೆ. ನಾನು ಬೆಳೆದದ್ದು ವಿರಾಜಪೇಟೆಯಲ್ಲಿ. ಕೊಡಗಿನಲ್ಲಿ ಹಂದಿಮಾಂಸದ ಪಂದಿಕರಿ ಇಲ್ಲದ ಮದುವೆಯನ್ನು ಊಹಿಸುವುದೂ ಕಷ್ಟ. ಅಂಥ ಊರಿನಿಂದ ಓದಲೆಂದು ಲೀಡ್ಸ್‌ಗೆ ಹೋದಾಗ, ಮನೆಯೊಡತಿ ಮೊದಲ ದಿನವೇ ನನ್ನ ತಟ್ಟೆಯಿಂದ ಬೇಕನ್ ತೆಗೆದು ಬದಿಗಿಟ್ಟಿದ್ದರು. “ನೀವು ಇಂಡಿಯಾದವರು, ಹಂದಿ ಮುಟ್ಟುವುದಿಲ್ಲವಲ್ಲ” ಎಂದರು. ನನ್ನ ಮನಸ್ಸು ನೋಯಬಾರದೆಂಬ ಕಾಳಜಿಯೇ ಅವರ ದನಿಯಲ್ಲಿತ್ತು. ಇಂಥ ಸಿದ್ಧ ನಂಬಿಕೆಗಳು ಎಷ್ಟೋ ಸಲ ದ್ವೇಷದಿಂದಲ್ಲ, ಹೀಗೆ ಒಳ್ಳೆಯತನದಿಂದಲೂ ಉಳಿದುಬರುತ್ತವೆ ಎಂದು ನನಗೆ ಅಂದೇ ಅನ್ನಿಸಿತು.

ಮೊದಲು ಹಂದಿಯ ಮೈಯಿಂದ ಶುರು ಮಾಡೋಣ. ಬೆನ್ನೆಲುಬಿನ ಉದ್ದಕ್ಕೂ ಇರುವ ಮಾಂಸದಲ್ಲಿ ನೆಣ ಕಡಿಮೆ, ಅದು ಮೃದು. ಹೊಟ್ಟೆಯ ಭಾಗದಲ್ಲಿ ಮಾಂಸ ಮತ್ತು ನೆಣ ಪದರ ಪದರವಾಗಿ ಹೆಣೆದುಕೊಂಡಿರುತ್ತವೆ. ಬ್ರಿಟನ್ನಿನಲ್ಲಿ ಸುಮ್ಮನೆ ಬೇಕನ್ ಎಂದರೆ ಬೆನ್ನಿನ ಮಾಂಸ, ಅದರ ತುದಿಗೆ ಹೊಟ್ಟೆಯ ಸ್ವಲ್ಪ ಬಾಲ. ಅಮೆರಿಕದಲ್ಲಿ ಬೇಕನ್ ಎಂದರೆ ಪೂರ್ತಿ ಹೊಟ್ಟೆಯ ಭಾಗ. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಬೆನ್ನು ಹೊಟ್ಟೆ ಎರಡೂ ಸೇರಿದ ಉದ್ದನೆಯ ಹೋಳು ಸಿಗುತ್ತದೆ. ಎಲ್ಲವನ್ನೂ ಉಪ್ಪಿನಲ್ಲಿ ಹದ ಮಾಡಿರುತ್ತಾರೆ. ಹಿಂದೆ ಉಪ್ಪಿನ ಜೊತೆ ಪೆಟ್ಲುಪ್ಪು ಬಳಸುತ್ತಿದ್ದರು, ಈಗ ನೈಟ್ರೈಟ್. ಬೆಂದ ಮೇಲೂ ಮಾಂಸ ಗುಲಾಬಿ ಬಣ್ಣದಲ್ಲೇ ಉಳಿಯುವುದು ಅದರಿಂದ. ಬಾಟ್ಯುಲಿಸಮ್ ಎಂಬ ಪ್ರಾಣಘಾತಕ ವಿಷಬಾಧೆಯನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದೂ ಅದೇ. ಬೇಕಾದವರು ಆಮೇಲೆ ಹೊಗೆ ಹಾಕುತ್ತಾರೆ. ಅಮೆರಿಕದಲ್ಲಿ ಹೊಗೆ ಹೆಚ್ಚುಕಡಿಮೆ ಕಡ್ಡಾಯ, ಬ್ರಿಟನ್ನಿನಲ್ಲಿ ಹೊಗೆ ಹಾಕಿದ್ದು ಹಾಕದ್ದು ಎರಡೂ ಒಂದೇ ಕಪಾಟಿನಲ್ಲಿ ಸಿಗುತ್ತವೆ.

ಗರಿಗರಿಯೋ ಮೆತ್ತಗೋ ಎಂಬ ಜಗಳದ ಬೇರು ಇಲ್ಲಿದೆ. ಹೊಟ್ಟೆಯ ಭಾಗವನ್ನು ಅರೆಬೇಯಿಸಿದರೆ ನೆಣ ಹಾಗೇ ರಬ್ಬರಿನಂತೆ ಉಳಿಯುತ್ತದೆ. ತಣ್ಣನೆಯ ಕಾವಲಿಯ ಮೇಲಿಟ್ಟು ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿದಾಗ ನೆಣ ಕರಗಿ ಹೊರಬರುತ್ತದೆ, ಉಳಿದದ್ದು ಅದೇ ನೆಣದಲ್ಲಿ ಹುರಿದು ಗರಿಗರಿಯಾಗುತ್ತದೆ. ಬೆನ್ನಿನ ಮಾಂಸಕ್ಕೆ ಇದೇ ಉಪಚಾರ ಮಾಡಿದರೆ ಅದು ಒಣಗಿ ಚಕ್ಕಳವಾಗುತ್ತದೆ. ಅದಕ್ಕೆ ಬೇಕಾದದ್ದು ಜೋರು ಉರಿ, ಸ್ವಲ್ಪ ಹೊತ್ತು. ಅಮೆರಿಕದವರು ಸುಡುತ್ತಾರೆ, ಇಂಗ್ಲಿಷರು ಹಸಿ ಬಿಡುತ್ತಾರೆ ಎಂದು ಪರಸ್ಪರ ದೂರುವವರು ಇಬ್ಬರೂ ತಮ್ಮ ಕೈಗೆ ಬಂದ ಮಾಂಸಕ್ಕೆ ಸರಿಯಾದದ್ದನ್ನೇ ಮಾಡುತ್ತಿದ್ದಾರೆ. ದಾವಣಗೆರೆಯ ಬೆಣ್ಣೆದೋಸೆಯ ಹದವನ್ನು ಸೆಟ್ ದೋಸೆಯಲ್ಲಿ ಹುಡುಕಿದರೆ ಸಿಗುವುದೇ?

ಹಾಗಾದರೆ ಒಬ್ಬರ ಕೈಗೆ ಬೆನ್ನು, ಇನ್ನೊಬ್ಬರ ಕೈಗೆ ಹೊಟ್ಟೆ ಬಂದದ್ದು ಹೇಗೆ? ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಕಾನ್ ಎಂಬ ಪುಟ್ಟ ಊರಿದೆ. ಬ್ರಿಸ್ಟಲ್‌ನಿಂದ ಲಂಡನ್ನಿಗೆ ಹೋಗುವ ದಾರಿಯಲ್ಲಿದ್ದ ಈ ಊರಿನ ಮೂಲಕ ಐರ್ಲೆಂಡಿನ ಹಂದಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ಹ್ಯಾರಿಸ್ ಎಂಬ ಮನೆತನ ಮಾಂಸಕ್ಕೆ ಉಪ್ಪು ಹಾಕುವ ಕಸುಬು ಹಿಡಿದಿತ್ತು. ಆ ಕಾಲದಲ್ಲಿ ಈ ಕೆಲಸ ಚಳಿಗಾಲಕ್ಕೇ ಸೀಮಿತ, ಬೇಸಿಗೆಯಲ್ಲಿ ಮಾಂಸ ಹಳಸುತ್ತಿತ್ತು. 1847ರಲ್ಲಿ ಆ ಮನೆಯ ಜಾರ್ಜ್ ಹ್ಯಾರಿಸ್ ಅಮೆರಿಕಕ್ಕೆ ಹೋಗಿ ಅಲ್ಲಿನವರು ಮಂಜುಗಡ್ಡೆ ಬಳಸಿ ಮಾಂಸ ಕಾಪಾಡುವುದನ್ನು ನೋಡಿಬಂದ. ಮುಂದಿನ ದಶಕದಲ್ಲಿ ಕಾನ್‌ನಲ್ಲಿ ಮಂಜಿನ ಮನೆ ಎದ್ದಿತು. ತಂಪಿರುವುದರಿಂದ ವರ್ಷವಿಡೀ ಕೆಲಸ ಸಾಗಿತು, ಉಪ್ಪೂ ಕಡಿಮೆ ಸಾಕಾಯಿತು. ಹಂದಿಯ ಇಡೀ ಒಂದು ಪಕ್ಕವನ್ನು, ತಲೆ ಕಾಲು ಬಿಟ್ಟು, ಬೆನ್ನು ಹೊಟ್ಟೆ ತೊಡೆಗಳ ಸಮೇತ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹದ ಮಾಡುವ ವಿಲ್ಟ್‌ಶೈರ್ ಪದ್ಧತಿ ಹೀಗೆ ಬೆಳೆಯಿತು. ಇಡೀ ಪಕ್ಕವೇ ಬೇಕನ್ ಆದಾಗ, ಅದರ ಒಳ್ಳೆಯ ಭಾಗವಾದ ಬೆನ್ನು ಇಂಗ್ಲಿಷರ ತಟ್ಟೆಯಲ್ಲಿ ಮೊದಲ ಸ್ಥಾನ ಪಡೆದದ್ದರಲ್ಲಿ ಆಶ್ಚರ್ಯವೇನಿದೆ? ಆ ಇಂಗ್ಲಿಷ್ ರುಚಿಯ ಹಿಂದೆ ಅಮೆರಿಕದಲ್ಲಿ ಕಂಡುಬಂದ ಉಪಾಯವೊಂದು ಇತ್ತೆಂಬುದನ್ನು ಲಂಡನ್ನಿನ ಮಗಳು ಷಿಕಾಗೋದ ಅಣ್ಣನಿಗೆ ಹೇಳಬಹುದು.

ಕೈಗಾರಿಕಾ ಬ್ರಿಟನ್ನಿನ ಹಸಿವಿಗೆ ಕಾನ್ ಒಂದರಿಂದ ಸಾಲಲಿಲ್ಲ. 1887ರಲ್ಲಿ ಜರ್ಮನಿ ಹಂದಿಜ್ವರದ ಕಾರಣ ಹೇಳಿ ಡೆನ್ಮಾರ್ಕಿನ ಜೀವಂತ ಹಂದಿಗಳಿಗೆ ಬಾಗಿಲು ಮುಚ್ಚಿತು. ಡೇನಿಷ್ ರೈತರ ದೊಡ್ಡ ಮಾರುಕಟ್ಟೆಯೊಂದು ಇದ್ದಕ್ಕಿದ್ದಂತೆ ಕೈತಪ್ಪಿತು. ಅದೇ ವರ್ಷ ಹಾರ್ಸೆನ್ಸ್ ಎಂಬ ಊರಿನಲ್ಲಿ ರೈತರೇ ಸೇರಿ ಮೊದಲ ಸಹಕಾರಿ ಕಸಾಯಿಖಾನೆ ಕಟ್ಟಿದರು. ಹಂದಿಯ ಬದಲು ಬೇಕನ್ ಕಳಿಸೋಣ, ಜರ್ಮನಿಯ ಬದಲು ಇಂಗ್ಲೆಂಡಿಗೆ ಕಳಿಸೋಣ ಎಂಬ ಲೆಕ್ಕ ಅದು. ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲಿಷರಿಗೆ ಬೇಕಾದದ್ದು ನೆಣ ಕಡಿಮೆಯಿರುವ ಉದ್ದ ಬೆನ್ನಿನ ಹಂದಿ ಎಂದು ತಿಳಿದು ಇಂಗ್ಲೆಂಡಿನ ಯಾರ್ಕ್‌ಶೈರ್ ತಳಿಯ ಜೊತೆ ತಮ್ಮ ತಳಿಯನ್ನು ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತಾ ಡೇನಿಷ್ ಲ್ಯಾಂಡ್‌ರೇಸ್ ತಳಿಯನ್ನು ರೂಪಿಸಿದರು. ಸಮುದ್ರದಾಚೆಯ ಜನರ ಬೆಳಗಿನ ತಿಂಡಿಗಾಗಿ ಒಂದು ಪ್ರಾಣಿಯ ಬೆನ್ನು ಉದ್ದವಾಯಿತು! ಅತ್ತ ಡೇನರು 2014ರಲ್ಲಿ ತಮ್ಮ ರಾಷ್ಟ್ರೀಯ ಖಾದ್ಯವನ್ನು ಮತದ ಮೂಲಕ ಆರಿಸಿದಾಗ ಗೆದ್ದದ್ದು ಹುರಿದ ಹೊಟ್ಟೆಮಾಂಸ, ಬೇಯಿಸಿದ ಆಲೂಗಡ್ಡೆ, ಪಾರ್ಸ್ಲಿ ಸೊಪ್ಪಿನ ಬಿಳಿ ಸಾರು.

ಅಮೆರಿಕದ ಕತೆ ಜೋಳದ ಕತೆ. ಒಹಾಯೊದಿಂದ ಅಯೋವಾವರೆಗಿನ ಬಯಲಿನಲ್ಲಿ ಬೆಳೆದ ಮೆಕ್ಕೆಜೋಳವನ್ನು ದೂರದ ಊರಿಗೆ ಗಾಡಿಯಲ್ಲಿ ಸಾಗಿಸುವುದಕ್ಕಿಂತ ಹಂದಿಗೆ ತಿನ್ನಿಸಿ ಹಂದಿಯನ್ನು ಮಾರುವುದು ಲಾಭದ್ದು. ಹಾಗೆ ಕೊಬ್ಬಿದ ಹಂದಿಗಳಿಂದಲೇ ಸಿನ್ಸಿನಾಟಿಗೆ ಹಂದಿಗಳ ನಗರವೆಂಬ ಅಡ್ಡಹೆಸರು ಬಂತು, ಆಮೇಲೆ ಆ ಪಟ್ಟ ಷಿಕಾಗೋಗೆ ಹೋಯಿತು. ಅಲ್ಲಿನ ದೊಡ್ಡ ಮಾಂಸದ ಕಂಪನಿಗಳು ಹಂದಿಯನ್ನು ಇಡೀ ಪಕ್ಕವಾಗಿ ನೋಡಲೇ ಇಲ್ಲ. ತೊಡೆ ಹ್ಯಾಮ್‌ಗೆ, ನೆಣ ಲಾರ್ಡ್ ಎಂಬ ಅಡುಗೆಕೊಬ್ಬಿಗೆ. ತಂಪು ರೈಲುಬೋಗಿಗಳು ಬಂದ ಮೇಲೆ ಬೆನ್ನು ಹಸಿ ಚಾಪ್ ಆಗಿ ದೂರದೂರದ ಪಟ್ಟಣಗಳಿಗೆ ಹೋಯಿತು. ಬೇಕನ್‌ಗೆ ಉಳಿದದ್ದು ಹೊಟ್ಟೆ. 1924ರಲ್ಲಿ ಆಸ್ಕರ್ ಮೇಯರ್ ಕಂಪನಿ ಅದನ್ನು ಮೊದಲೇ ಹೆಚ್ಚಿ ಪೊಟ್ಟಣದಲ್ಲಿ ಮಾರತೊಡಗಿತು. ಹಂದಿಯ ಹೊಟ್ಟೆ ಎಷ್ಟು ದೊಡ್ಡ ವ್ಯವಹಾರವಾಯಿತೆಂದರೆ, 1961ರಿಂದ 2011ರವರೆಗೆ ಷಿಕಾಗೋದ ವಾಯಿದೆ ಪೇಟೆಯಲ್ಲಿ ಹೆಪ್ಪುಗಟ್ಟಿಸಿದ ಹೊಟ್ಟೆಮಾಂಸದ ಮೇಲೆ ಚಿನ್ನ, ಹತ್ತಿಗಳ ಹಾಗೆ ವ್ಯಾಪಾರ ನಡೆಯುತ್ತಿತ್ತು.

ಮೊಟ್ಟೆಯ ಜೊತೆ ಬೇಕನ್ ತಿನ್ನುವುದು ಅಮೆರಿಕದವರ ರಕ್ತದಲ್ಲೇ ಇದೆ ಎನ್ನುವವರು ಎಡ್ವರ್ಡ್ ಬರ್ನೇಸ್‌ನ ಹೆಸರು ಕೇಳಬೇಕು. ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್‌ನ ಸೋದರಳಿಯ, ಪ್ರಚಾರಕಲೆಯ ಆಚಾರ್ಯ. 1920ರ ದಶಕದಲ್ಲಿ ಬೀಚ್‌ನಟ್ ಎಂಬ ಕಂಪನಿ ತನ್ನ ಬೇಕನ್ ಮಾರಾಟ ಹೆಚ್ಚಿಸಲು ಅವನನ್ನು ಕರೆಸಿತು. ಆಗ ಅಮೆರಿಕದ ನಗರಗಳಲ್ಲಿ ಕಾಫಿ, ರೋಲ್, ಹಣ್ಣಿನ ರಸದಷ್ಟಕ್ಕೇ ಬೆಳಗಿನ ತಿಂಡಿ ಇಳಿದಿತ್ತು. ಲಘು ತಿಂಡಿ ಒಳ್ಳೆಯದೋ ಹೊಟ್ಟೆತುಂಬಾ ತಿನ್ನುವುದು ಒಳ್ಳೆಯದೋ ಎಂದು ಬರ್ನೇಸ್ ಒಬ್ಬ ವೈದ್ಯರ ಮೂಲಕ ದೇಶದ ಸಾವಿರಾರು ವೈದ್ಯರಿಗೆ ಪತ್ರ ಬರೆಸಿದ. ಅವನೇ ಹೇಳಿಕೊಂಡಂತೆ ಸುಮಾರು 4,500 ವೈದ್ಯರು ಹೊಟ್ಟೆತುಂಬಾ ತಿನ್ನುವುದೇ ಸರಿ ಎಂದರು. ಅದನ್ನು ಪತ್ರಿಕೆಗಳಿಗೆ ಸುದ್ದಿಯಾಗಿ ಕೊಟ್ಟು, ಜೊತೆಗೆ ಬೇಕನ್ ಮತ್ತು ಮೊಟ್ಟೆಯ ಹೆಸರು ಸೇರಿಸಿದ. ಮೊಟ್ಟೆ ಬೇಕನ್ ಜೋಡಿ ಅದಕ್ಕಿಂತ ಹಳೆಯದು ನಿಜ. ಆದರೆ ಅದು ರಾಷ್ಟ್ರೀಯ ಅಭ್ಯಾಸವೆನಿಸಿಕೊಳ್ಳುವುದರ ಹಿಂದೆ ಒಂದು ಕಂಪನಿಯ ಹಣ ಕೆಲಸ ಮಾಡಿದೆ.

ಕೆನಡಾದ್ದು ಚಿಕ್ಕ ಕತೆ. ಅಮೆರಿಕದ ಹೋಟೆಲುಗಳಲ್ಲಿ ಕೆನಡಾದ ಬೇಕನ್ ಎಂದು ದುಂಡಗಿನ, ಹೊಗೆ ಹಾಕಿದ ಬೆನ್ನಿನ ಹೋಳು ಕೊಡುತ್ತಾರೆ. ಟೊರಾಂಟೊದವರು ತಮ್ಮದೆನ್ನುವುದು ಬೇರೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದ ವಿಲಿಯಂ ಡೇವಿಸ್, ಉಪ್ಪುನೀರಿನಲ್ಲಿ ಹದಮಾಡಿದ ಬೆನ್ನಿನ ಮಾಂಸ ಕೆಡದಿರಲೆಂದು ಅದನ್ನು ಹಳದಿ ಬಟಾಣಿಯ ಹಿಟ್ಟಿನಲ್ಲಿ ಹೊರಳಿಸಿದ. ಈಗ ಬಟಾಣಿಯ ಜಾಗದಲ್ಲಿ ಮೆಕ್ಕೆಜೋಳದ ಹಿಟ್ಟು. ಅದಕ್ಕೆ ಹೊಗೆಯ ಸೋಂಕೂ ಇಲ್ಲ.

ಇಷ್ಟು ತಿಳಿದ ಮೇಲೆ ಇಂಗ್ಲಿಷರ ಊಟ ಸಪ್ಪೆ ಎಂಬ ಮಾತಿಗೆ ಬರೋಣ. ನಮ್ಮವರೂ ಇದನ್ನು ತುಂಬ ವಿಶ್ವಾಸದಿಂದ ಹೇಳುತ್ತಾರೆ. ಬ್ರಿಟನ್ನಿನಲ್ಲಿ 1940ರ ಜನವರಿ 8ರಂದು ಬೇಕನ್, ಬೆಣ್ಣೆ, ಸಕ್ಕರೆಗಳಿಗೆ ರೇಷನ್ ಬಂತು. ಆಮದು ತರುವ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಆ ಏಪ್ರಿಲ್‌ನಲ್ಲಿ ಹಿಟ್ಲರ್ ಡೆನ್ಮಾರ್ಕನ್ನು ಆಕ್ರಮಿಸಿದಾಗ ಡೇನಿಷ್ ಬೇಕನ್ ಪೂರ್ತಿ ನಿಂತಿತು. ಒಬ್ಬರಿಗೆ ವಾರಕ್ಕೆ ನಾಲ್ಕು ಔನ್ಸ್, ಅಂದರೆ 113 ಗ್ರಾಂ. ಕುರಿಮಾಂಸವನ್ನೇ ಬೇಕನ್ ಹಾಗೆ ಹದಮಾಡಿ ಮ್ಯಾಕನ್ ಎಂದು ಮಾರುವ ಪ್ರಯತ್ನವೂ ನಡೆಯಿತು. ಯುದ್ಧ ಮುಗಿದರೂ ರೇಷನ್ ಮುಗಿಯಲಿಲ್ಲ, ಮಾಂಸ ಮತ್ತು ಬೇಕನ್ ಅದರಿಂದ ಬಿಡುಗಡೆಯಾದದ್ದು 1954ರ ಜುಲೈನಲ್ಲಿ. ಹದಿನಾಲ್ಕು ವರ್ಷ ಎಂದರೆ ಒಂದು ತಲೆಮಾರು ಅಡುಗೆ ಕಲಿಯುವ ವಯಸ್ಸೆಲ್ಲ ಕಳೆದುಹೋದಂತೆ. ಈ ನಡುವೆ 1942ರಿಂದ ಲಕ್ಷಾಂತರ ಅಮೆರಿಕನ್ ಸೈನಿಕರು ಅಲ್ಲಿ ಬೀಡುಬಿಟ್ಟರು. ಅವರು ಕಂಡದ್ದು ಕೊರತೆಯ ಕಾಲದ ಅಡುಗೆಮನೆಯನ್ನು. ಊರಿಗೆ ಹಿಂತಿರುಗಿ ಹೇಳಿದ್ದು ಇಂಗ್ಲಿಷರ ಕೈರುಚಿಯ ಬಗ್ಗೆ. ಬಡತನದ ತಟ್ಟೆಯನ್ನು ನೋಡಿ ಇವರ ನಾಲಿಗೆಯೇ ಇಷ್ಟು ಎಂದು ತೀರ್ಮಾನಿಸುವುದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ. ನಮ್ಮ ನಾಡಿನಲ್ಲೂ ಮುದ್ದೆ, ಅಂಬಲಿ ಉಣ್ಣುವವರ ಬಗ್ಗೆ ಹೀಗೆ ಮಾತಾಡಿದವರಿದ್ದರು.

ಅದೇ ಸೈನ್ಯದ ಬೇಕನ್ ಇಟಲಿಗೂ ಹೋಯಿತು. ಇಂದು ಕಾರ್ಬೊನಾರಾ ಪಾಸ್ತಾಕ್ಕೆ ಹಂದಿಯ ಕೆನ್ನೆಯ ಮಾಂಸವಾದ ಗ್ವಾಂಚಾಲೆಯ ಬದಲು ಬೇಕನ್ ಹಾಕಿದರೆ ರೋಮಿನವರು ಸಿಟ್ಟಾಗುತ್ತಾರೆ, ಅದು ತಮ್ಮ ಪುರಾತನ ಪರಂಪರೆಗೆ ಮಾಡಿದ ಅವಮಾನ ಎನ್ನುತ್ತಾರೆ. ಆದರೆ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆ ಹೆಸರಿನ ಪಾಸ್ತಾದ ಪಾಕವಿಧಾನ ಅಚ್ಚಾದದ್ದು ಸಿಕ್ಕಿಲ್ಲ. 1952ರಲ್ಲಿ ಷಿಕಾಗೋದ ಹೋಟೆಲುಗಳ ಕುರಿತ ಇಂಗ್ಲಿಷ್ ಪುಸ್ತಕವೊಂದರಲ್ಲಿ ಅದು ಅಚ್ಚಾಗಿದೆ. 1954ರಲ್ಲಿ ಇಟಲಿಯ ಲಾ ಕುಚಿನಾ ಇಟಾಲಿಯಾನಾ ಪತ್ರಿಕೆ ಕೊಟ್ಟ ವಿಧಾನದಲ್ಲಿ ಗ್ವಾಂಚಾಲೆ ಇಲ್ಲ. ಬೆಳ್ಳುಳ್ಳಿ ಇದೆ, ಹೊಟ್ಟೆಮಾಂಸದ ಪ್ಯಾಂಚೆಟ್ಟಾ ಇದೆ, ಸ್ವಿಸ್ ಚೀಸ್ ಇದೆ! 1944ರಲ್ಲಿ ರೋಮಿಗೆ ಬಂದ ಅಮೆರಿಕನ್ ಸೈನಿಕರ ಬೇಕನ್ ಮತ್ತು ಮೊಟ್ಟೆಪುಡಿಯಿಂದಲೇ ಇದು ಹುಟ್ಟಿತೆಂದು ವಾದಿಸುವ ಇತಿಹಾಸಕಾರರು ಇಟಲಿಯಲ್ಲೇ ಇದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ. ಗ್ವಾಂಚಾಲೆಯ ರುಚಿ ಸೊಗಸು, ರೋಮಿನವರು ಅದನ್ನೇ ಬಯಸಲಿ. ಎಪ್ಪತ್ತು ವರ್ಷದ ಪದ್ಧತಿಯನ್ನು ಸನಾತನವೆಂದು ಎದುರಿನವರ ಮೇಲೆ ಹೇರುವುದಕ್ಕಷ್ಟೇ ನನ್ನ ತಕರಾರು.

ಐರಿಷ್ ಜನರದ್ದು ಇನ್ನೂ ಮನಮಿಡಿಯುವ ಪ್ರಸಂಗ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದಂದು ಅಮೆರಿಕದ ಐರಿಷ್ ಮೂಲದವರು ಉಪ್ಪುಹಾಕಿದ ಗೋಮಾಂಸ ಮತ್ತು ಕೋಸನ್ನು ಬೇಯಿಸಿ ತಿನ್ನುತ್ತಾರೆ, ಲೋಕವೆಲ್ಲ ಅದನ್ನೇ ಐರಿಷ್ ಊಟವೆಂದು ನಂಬಿದೆ. ಐರ್ಲೆಂಡಿನ ಮನೆಗಳಲ್ಲಿ ಕೋಸಿನ ಜೊತೆ ಬೇಯುವುದು ಬೇಕನ್‌ನ ದೊಡ್ಡ ತುಂಡು. ಬರಗಾಲದಿಂದ ಓಡಿ ನ್ಯೂಯಾರ್ಕಿಗೆ ಬಂದಿಳಿದ ಬಡವರಿಗೆ ಊರಿನ ಬೇಕನ್ ಸಿಗಲಿಲ್ಲ. ಅದೇ ಬೀದಿಗಳಲ್ಲಿದ್ದ ಯಹೂದಿ ಕಟುಕರ ಅಂಗಡಿಯಲ್ಲಿ ಉಪ್ಪುಹಾಕಿದ ಗೋಮಾಂಸ ಅಗ್ಗಕ್ಕೆ ಸಿಕ್ಕಿತು. ಹಂದಿ ಮುಟ್ಟದ ಜನ, ಹಂದಿಯನ್ನೇ ಹಂಬಲಿಸುತ್ತಿದ್ದ ಜನರಿಗೆ ಹಬ್ಬದೂಟ ಕೊಟ್ಟರು.

ತಟ್ಟೆಯನ್ನು ಪೌರತ್ವದ ಪರೀಕ್ಷೆಯಾಗಿ ಬಳಸಿದಾಗ ಮಾತ್ರ ಇದೆಲ್ಲ ಕಹಿಯಾಗುತ್ತದೆ. 2014ರ ಮೇ ತಿಂಗಳಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್ ಲಂಡನ್ನಿನ ಹೂವಿನ ಮಾರುಕಟ್ಟೆಯಲ್ಲಿ ಬೇಕನ್ ಸ್ಯಾಂಡ್‌ವಿಚ್ ಕಚ್ಚುತ್ತಿದ್ದ ಫೋಟೊ ಒಂದು ದೇಶವೆಲ್ಲ ಸುತ್ತಿತು. ಬಾಯಿ ಸೊಟ್ಟಗಿದ್ದ ಆ ಚಿತ್ರವನ್ನು ‘ದಿ ಸನ್’ ಪತ್ರಿಕೆ ಮರುವರ್ಷ ಚುನಾವಣೆಯ ಮುನ್ನಾದಿನ ಮುಖಪುಟದ ತುಂಬ ಅಚ್ಚುಹಾಕಿತು. ಮಿಲಿಬ್ಯಾಂಡ್ ಅವರ ತಂದೆ ತಾಯಿ ನಾಜಿಗಳಿಂದ ಪಾರಾಗಿ ಬಂದ ಯಹೂದಿಯರು. ಬೇಕನ್ ತಿನ್ನಲು ಬಾರದವನು ನಮ್ಮವನಲ್ಲ ಎಂಬ ಸೂಚನೆ ಅದರಲ್ಲಿದೆ ಎಂದು ಅನೇಕರು ಆಗಲೇ ನೊಂದು ಬರೆದರು. ನನಗೂ ಹಾಗೇ ಅನ್ನಿಸಿತು.

ಇಂಥ ಗೇಲಿ ಬೇಕನ್‌ಗಷ್ಟೇ ಸೀಮಿತವಲ್ಲ. ಫ್ರೆಂಚರನ್ನು ಇಂಗ್ಲಿಷರು ಕಪ್ಪೆ ತಿನ್ನುವವರೆಂದು ಆಡಿಕೊಂಡು ಶತಮಾನಗಳಾದವು. ಆ ಕಪ್ಪೆಕಾಲುಗಳು ಎಲ್ಲಿಂದ ಬರುತ್ತಿದ್ದವು? ಒಂದು ಕಾಲದಲ್ಲಿ ಹೆಚ್ಚಿನವು ನಮ್ಮ ದೇಶದಿಂದ. ಗದ್ದೆಗಳಿಂದ ಕಪ್ಪೆಗಳು ಖಾಲಿಯಾಗಿ ಕೀಟಗಳ ಕಾಟ ಹೆಚ್ಚುತ್ತದೆಂಬ ಆತಂಕದಿಂದ ಭಾರತ 1987ರಲ್ಲಿ ರಫ್ತು ನಿಷೇಧಿಸಿತು. ಈಗ ಇಂಡೊನೇಷ್ಯಾ ಕಳಿಸುತ್ತಿದೆ.

ಲೀಡ್ಸ್‌ನ ಆ ಮನೆಯೊಡತಿಯ ನಂಬಿಕೆಗೂ ಉತ್ತರ ಕೊಡಬೇಕಲ್ಲ. ಭಾರತೀಯರೆಂದರೆ ಸಸ್ಯಾಹಾರಿಗಳು ಎಂಬ ಮಾತನ್ನು ಹೊರಗಿನವರಿಗಿಂತ ಹೆಚ್ಚಾಗಿ ನಾವೇ ಹರಡಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದವರಲ್ಲಿ ಮೀನು, ಕೋಳಿ, ಮಾಂಸ ಯಾವುದನ್ನೂ ತಿನ್ನದ ಗಂಡಸರು ನೂರಕ್ಕೆ ಸುಮಾರು 17, ಹೆಂಗಸರು ಸುಮಾರು 29. ಕೊಡವರ ಪಂದಿಕರಿ, ಮಂಗಳೂರಿನ ಕ್ರೈಸ್ತರ ಹಂದಿಮಾಂಸದ ಬಫಾತ್, ಈಶಾನ್ಯದ ಬೆಟ್ಟಗಳ ಹೊಗೆಮಾಂಸ ಇವೆಲ್ಲ ಈ ದೇಶದ ಊಟವೇ. ಹಾಗೆಯೇ ಹಂದಿಯನ್ನು ಮುಟ್ಟದ ಮನೆಗಳ ಸಂಕೋಚಕ್ಕೂ ಅಷ್ಟೇ ಮರ್ಯಾದೆ ಇದೆ. ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದರು. ಕಾನ್‌ನ ಹ್ಯಾರಿಸ್ ಮನೆತನಕ್ಕೆ ಮಂಜುಗಡ್ಡೆ ಬೇಕಾಯಿತು, ನಮ್ಮ ಮಳೆಗಾಲಕ್ಕೆ ಒಲೆಯ ಹೊಗೆ ಸಾಕಾಯಿತು. ಪಂದಿಕರಿಯಲ್ಲಿ ಚರ್ಮ, ನೆಣ ಬಿಟ್ಟು ಬರೀ ಮಾಂಸ ಹಾಕಿದರೆ ಹಿರಿಯರು ಒಪ್ಪುವುದಿಲ್ಲ. ಆ ನೆಣದ ಜಿಡ್ಡನ್ನು ಮುರಿಯಲು ಕಾಚಂಪುಳಿ ಎಂಬ ಕೊಡಗಿನ ಹುಳಿರಸ ಇದೆ. ಇಂಗ್ಲಿಷರೂ ಬೇಕನ್ ಸ್ಯಾಂಡ್‌ವಿಚ್‌ಗೆ ಕಂದು ಬಣ್ಣದ ಹುಳಿ ಸಾಸ್ ಸುರಿಯುತ್ತಾರೆ. ನಾಟಿಂಗ್‌ಹ್ಯಾಮ್‌ನ ದಿನಸಿ ವ್ಯಾಪಾರಿ ಗಾರ್ಟನ್ 1895ರಲ್ಲಿ ಹೆಸರು ನೋಂದಾಯಿಸಿದ ಎಚ್‌ಪಿ ಸಾಸ್‌ನಲ್ಲಿ ಇರುವ ಹುಳಿಗಳಲ್ಲಿ ಒಂದು ನಮ್ಮ ಹುಣಸೆಹಣ್ಣು.

ಆರೋಗ್ಯದ ಬಗ್ಗೆ ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು. ಬೆನ್ನಾದರೂ ಹೊಟ್ಟೆಯಾದರೂ ಇದರಲ್ಲಿ ವ್ಯತ್ಯಾಸವಿಲ್ಲ. ನಾನಂತೂ ಅಪರೂಪಕ್ಕೆ ತಿನ್ನುತ್ತೇನೆ. ಬೆಂಗಳೂರಿನ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಕೊಳ್ಳುವವರು ಬೆನ್ನಿನದೋ ಹೊಟ್ಟೆಯದೋ ಎಂದು ಮೊದಲೇ ಕೇಳಿ ಕೊಳ್ಳಿ. ಕಾವಲಿಗೆ ಹಾಕಿದ ಕೂಡಲೇ ಬಿಳಿ ನೊರೆ ಬಂದರೆ ಅದು ತೂಕಕ್ಕಾಗಿ ಸೂಜಿಯಿಂದ ತುಂಬಿದ ಉಪ್ಪುನೀರು. ಅಂಗಡಿ ಬದಲಿಸಿ.